ಅಕ್ಕನ ಗುಂಡಿ, ನನ್ನ ಗುಂಡಿ

ಅಂಗಳ ಗುಡಿಸಿ ನೀರು ಚಿಮುಕಿಸಿದೆ. ಹಾಲು ಕಾಯಿಸಿದೆ. ವೆಬ್‌ಸೈಟು ನೋಡಿದೆ. ಜೋಳ ಹಸನು ಮಾಡಿ ಗಿರಣಿಗೆ ಕೊಟ್ಟುಬಂದೆ. ನಲ್ಲಿ ಇಪ್ಪತ್ತು ನಿಮಿಷ ಬಂತು, ಎರಡು ಡ್ರಮ್ಮು ತುಂಬಿಕೊಂಡೆ. ಯಜಮಾನರ ನೀಲಿ ಅಂಗಿಗೆ ಗುಂಡಿ ಹಚ್ಚಿದೆ. ಪುಂಡಿಪಲ್ಯೆ ಬಿಡಿಸಿಟ್ಟೆ. ನಾರಾಯಣಪೇಟೆಯಿಂದ ಫೋನು ಬಂತು.

ಆ ಗುರುವಾರದ ಬಗ್ಗೆ ನನ್ನ ನೋಟ್‌ಬುಕ್ಕಿನಲ್ಲಿ ಮಧ್ಯಾಹ್ನದವರೆಗೆ ಇರುವುದು ಇಷ್ಟೇ. ಫೋನಿನಲ್ಲಿ ಏನು ಹೇಳಿದರು ಎಂಬುದನ್ನು ಬರೆದಿಲ್ಲ. ಬರೆಯಲು ಕೈ ಬಂದಿರಲಿಲ್ಲ.

ನೋಟ್‌ಬುಕ್ಕು ಬರೆಯುವ ರೂಢಿ ನನಗೆ ಹತ್ತಿದ್ದು ಅತ್ತೆಯವರು ಹಾಸಿಗೆ ಹಿಡಿದಾಗ. ದಿನಾ ಏನು ತಿಂದರು, ಯಾವಾಗ ಮಲಗಿದರು ಎಂದು ಬರೆದು ತೋರಿಸಿರಿ ಎಂದು ಡಾಕ್ಟರು ಹೇಳಿದ್ದರು. ಅತ್ತೆಯವರು ಹೋದ ಮೇಲೂ ಕೈ ಬಿಡಲಿಲ್ಲ. ಬೆಳಗಿನ ಕೆಲಸದಿಂದ ಶುರುವಾಗಿ, ಊಟಕ್ಕೆ ಏನಿತ್ತು, ಮೊದಲು ಯಾರು ಮಲಗಿದರು ಎನ್ನುವಲ್ಲಿಗೆ ಪುಟ ಮುಗಿಯುತ್ತದೆ. ತೆಲಂಗಾಣ ಬೇರೆ ರಾಜ್ಯವಾಯಿತು, ನಮ್ಮ ನಾರಾಯಣಪೇಟೆ ಜಿಲ್ಲೆಯಾಯಿತು. ಆ ದಿನಗಳ ಪುಟಗಳೂ ಹೀಗೆಯೇ ಇವೆ, ಏನು ಪಲ್ಯೆ ಎಂಬುದರ ಸಮೇತ.

ಫೋನು ಮಾಡಿದವರು ನಾರಾಯಣಪೇಟೆಯ ನೇಕಾರರ ಸಂಘದ ಮ್ಯಾನೇಜರು. ಶನಿವಾರ ಕಮಿಟಿ ಕೂಡುತ್ತದೆ, ಯಾವ ಮಗ್ಗಕ್ಕೆ ನೇಯಲು ಹೊಸ ಹಾಸಿನ ನೂಲು ಕೊಡಬೇಕು, ಯಾವುದಕ್ಕೆ ನಿಲ್ಲಿಸಬೇಕು ಎಂದು ಗೊತ್ತುಮಾಡುತ್ತದೆ, ನಿಲ್ಲಿಸುವ ಪಟ್ಟಿಯಲ್ಲಿ ನಿಮ್ಮ ಅಕ್ಕನ ಹೆಸರೂ ಇದೆ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಜಗಳವಾಡಬಹುದಿತ್ತು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನನ್ನನ್ನು ಮಕ್ತಲಿಗೆ ಕೊಟ್ಟರು, ಅವಳನ್ನು ನಾರಾಯಣಪೇಟೆಯ ನೇಕಾರರ ಮನೆಗೆ ಕೊಟ್ಟರು. ಅವಳದು ಗುಂಡಿ ಮಗ್ಗ. ನೆಲದಲ್ಲಿ ಗುಂಡಿ ತೋಡಿರುತ್ತಾರೆ, ಅಂಚಿನಲ್ಲಿ ಕೂತು ಕಾಲು ಒಳಗೆ ಇಳಿಬಿಟ್ಟು ತುಳಿಯುತ್ತಾ ನೇಯಬೇಕು. ಆ ಗುಂಡಿಯನ್ನು ನಮ್ಮ ಭಾವ ಮದುವೆಯಾದ ವರ್ಷ ಅಕ್ಕನ ಕಾಲಿನ ಅಳತೆ ಹಿಡಿದು ತೋಡಿದ್ದರು. ಭಾವ ತೀರಿಕೊಂಡ ಮೇಲೂ ಅವಳು ಅದರಲ್ಲೇ ಕೂತು ಒಂದೇ ಬಗೆಯ ಸೀರೆ ನೇಯುತ್ತಾ ಬಂದಳು: ದೊಡ್ಡ ಚೌಕಳಿ, ಕೆಂಪು ದಡಿ, ದಡಿಯಲ್ಲಿ ಸಣ್ಣ ಗುಡಿಯ ಸಾಲು. ರಾಯಚೂರು, ಯಾದಗಿರಿ ಕಡೆಯ ಹಿರಿಯ ಹೆಂಗಸರು ಉಡುವ ದಪ್ಪ ಸೀರೆ. ಒಂದು ಹಾಸಿನಲ್ಲಿ ಎಂಟು ಸೀರೆ ಇಳಿಯುತ್ತವೆ. ಬೇರೆ ನೇಯ್ಗೆಗೆ ಅವಳ ಕೈ ಹೊರಳುವುದಿಲ್ಲ. ಹಾಸು ನಿಂತರೆ ಮಗ್ಗ ನಿಂತಂತೆ. ಮಗ್ಗವಿರುವ ಆ ಕೋಣೆಯಲ್ಲಿ ಅವಳಿಗೆ ಮತ್ತೇನೂ ಇಲ್ಲ.

ಹಾಸು ಕಡಿಮೆಯಾಗುತ್ತಿದ್ದುದು ಅವಳಿಗೆ ಗೊತ್ತಿತ್ತು. ಹದಿನೈದು ದಿನದ ಹಿಂದೆಯೇ ಒಂದು ಟ್ರ್ಯಾಕ್ಟರ್ ಮಣ್ಣು ತರಿಸಿ ಬಾಗಿಲ ಪಕ್ಕ ಹಾಕಿಸಿದ್ದಳು. ಖಾಲಿ ಗುಂಡಿ ಮನೆಯಲ್ಲಿರಬಾರದಂತೆ. ನಾನು ಹೋದಾಗ ಆ ಗುಪ್ಪೆ ನೋಡಿ ಬಾಗಿಲಲ್ಲೇ ನಿಂತೆ. ಅವಳು ಒಳಗಿನಿಂದಲೇ ನಕ್ಕಳು.

"ನಿನ್ನ ಗುಂಡಿ ಯಾರರ ಒತ್ತಿದ್ರ ನನ್ನ ಗುಂಡಿ ಉಳೀತೈತಿ. ಇಲ್ಲಾಂದ್ರ ಮಣ್ಣು ತರಿಸಿಟ್ಟೀನಿ."

ನನ್ನ ಗುಂಡಿ ಎಂದರೆ ವೆಬ್‌ಸೈಟಿನದು. ಸಂಘದವರು ಹೈದರಾಬಾದಿನ ಒಬ್ಬ ಹೆಣ್ಣುಮಗಳ ಕೈಯಲ್ಲಿ ಅದನ್ನು ಮಾಡಿಸಿದಾಗ ತೆಲುಗು, ಇಂಗ್ಲಿಷ್ ಎರಡೇ ಇದ್ದವು. ಅಕ್ಕನ ಸೀರೆ ಉಡುವವರು ಓದುವುದು ಕನ್ನಡ, ಅವರಿಗೂ ಒಂದು ಪುಟ ಇರಲಿ ಎಂದು ಗಂಟುಬಿದ್ದವಳು ನಾನು. ಹಾಗಾದರೆ ನೀವೇ ಬರೆದು ಕೊಡಿ, ನೀವೇ ನೋಡಿಕೊಳ್ಳಿ ಎಂದರು. ಕನ್ನಡ ಪುಟದಲ್ಲಿ ಅಕ್ಕನ ಚೌಕಳಿ ಸೀರೆ ಒಂದೇ ಇತ್ತು. ಚಿತ್ರದ ಕೆಳಗೆ ಒಂದು ಕೆಂಪು ಗುಂಡಿ. ಅದನ್ನು ಒತ್ತಿದರೆ ಸಂಘದ ದಫ್ತರಕ್ಕೆ ಫೋನು ಹೋಗುತ್ತದೆ, ಸೀರೆಯ ಬಗ್ಗೆ ವಿಚಾರಿಸಬಹುದು. ತೆಲುಗು ಪುಟದ ಗುಂಡಿಯ ಮೇಲೆ 'ಅಡಗಂಡಿ' ಎಂದಿತ್ತು, ಅಂದರೆ ವಿಚಾರಿಸಿರಿ ಎಂದು. ಕನ್ನಡದ ಗುಂಡಿಗೆ ನಾನು 'ಕೇಳ್ರಿ' ಎಂದು ಬರೆದುಕೊಟ್ಟೆ. 'ವಿಚಾರಿಸಿ' ಎಂದರೆ ಪೊಲೀಸು ಠಾಣೆಯ ಬೋರ್ಡಿನಂತೆ ಕಂಡಿತ್ತು.

ಅದನ್ನು ನೋಡಿ ಎಲ್ಲರಿಗಿಂತ ಹೆಚ್ಚು ನಕ್ಕವಳು ಗದ್ವಾಲದಲ್ಲಿರುವ ನನ್ನ ನಾದಿನಿ. ನಾನು ಯಜಮಾನರ ಹೆಸರು ಹಿಡಿದು ಕರೆಯುವವಳಲ್ಲ. ಇಪ್ಪತ್ತಾರು ವರ್ಷದಿಂದ ಅವರನ್ನು ಕರೆಯುವುದು 'ಕೇಳ್ರಿ' ಎಂದೇ. ಕೇಳ್ರಿ, ಊಟಕ್ಕೆ ಬರ್ರಿ. ಕೇಳ್ರಿ, ಗ್ಯಾಸ್ ಬಂದಿದೆ. ನಾದಿನಿ ಫೋನಿನಲ್ಲಿ, "ಅಣ್ಣನ ಹೆಸರು ಬಾಯಾಗ ಹೇಳಾಕ ನಾಚತೀರಿ ವೈನಿ, ಈಗ ನೋಡಿದ್ರ ಲೋಕಕ್ಕೆಲ್ಲಾ ಕಾಣೂಹಂಗ ಹಾಕ್ಸೀರಲ್ಲ," ಎಂದಳು. ನಾನೂ ನಕ್ಕಿದ್ದೆ.

ಪ್ರತಿ ತಿಂಗಳೂ ಹೈದರಾಬಾದಿನಿಂದ ಒಂದು ಶೀಟು ಬರುತ್ತಿತ್ತು. ಯಾವ ಪುಟವನ್ನು ಎಷ್ಟು ಸಲ ನೋಡಿದರು, ನೋಡಿದವರಲ್ಲಿ ಎಷ್ಟು ಜನ ವಿಚಾರಿಸಲು ಗುಂಡಿ ಒತ್ತಿದರು. ಕನ್ನಡ ಪುಟದ ಸಾಲಿನಲ್ಲಿ ನೋಡಿದವರಿದ್ದರು. ಒತ್ತಿದವರ ಜಾಗದಲ್ಲಿ ಸೊನ್ನೆ. ಮರುತಿಂಗಳೂ ಸೊನ್ನೆ. ನೋಡುತ್ತಾರೆ, ಬೇಡವೆಂದು ಹೋಗುತ್ತಾರೆ ಎಂದು ಮ್ಯಾನೇಜರು ಅರ್ಥಮಾಡಿಕೊಂಡರು. ಅದರ ಮೇಲೆಯೇ ಹಾಸು ಕಡಿಮೆಯಾಗುತ್ತಾ ಬಂತು. ಒಮ್ಮೆ ಅಕ್ಕ, ದಫ್ತರದಲ್ಲಿ ಫೋನು ಎತ್ತುವವರು ಸಿಕ್ಕಿದ್ದರು, ರಾಯಚೂರು ಕಡೆಯವರು ನನ್ನ ಸೀರೆ ಕೇಳುತ್ತಾರಂತೆ ಎಂದು ಹೇಳಿದ್ದಳು. ಶೀಟಿನಲ್ಲಿ ಹಾಗಿಲ್ಲ ಅಕ್ಕಾ, ಅವರು ನಿನಗೆ ಸಮಾಧಾನವಾಗಲೆಂದು ಹೇಳಿರಬೇಕು ಎಂದಿದ್ದೆ. ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಗುರುವಾರ ಮ್ಯಾನೇಜರ ಫೋನು ಇಟ್ಟ ಮೇಲೆ ಲ್ಯಾಪ್‌ಟಾಪು ತೆಗೆದು ಕೂತೆ. ನನಗೆ ನೋಡಲಷ್ಟೇ ಪರವಾನಗಿ ಇತ್ತು, ಏನನ್ನೂ ತಿದ್ದಲು ಬರುತ್ತಿರಲಿಲ್ಲ. ಲೆಕ್ಕ ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ಎಂದು ಒಂದು ಸಲವಾದರೂ ನಾವು ಪರೀಕ್ಷೆ ಮಾಡಿ ನೋಡಿರಲಿಲ್ಲ ಎಂಬುದು ಆಗ ಹೊಳೆಯಿತು. ಹೊಸ ತಕ್ಕಡಿ ತಂದರೂ ಗೊತ್ತಿರುವ ಕಲ್ಲು ಇಟ್ಟು ನೋಡುತ್ತೇವೆ. ಇದಕ್ಕೆ ಅದನ್ನೂ ಮಾಡಿರಲಿಲ್ಲ.

ಮೊದಲು ನೋಡಿದವರ ಲೆಕ್ಕ ಬಿಡಿಸಿದೆ. ಯಾವ ದಿನ, ಎಷ್ಟು ಗಂಟೆಗೆ ಎಂದು ತೋರಿಸುವ ಪಟ್ಟಿ ಇತ್ತು. ಪ್ರತಿದಿನ ಬೆಳಿಗ್ಗೆ ಆರು ಗಂಟೆ ದಾಟಿದ ಕೂಡಲೇ ಒಬ್ಬರು ಕನ್ನಡ ಪುಟ ತೆರೆಯುತ್ತಿದ್ದರು. ಹಬ್ಬವಿರಲಿ, ಅಮಾವಾಸ್ಯೆ ಇರಲಿ, ಬಿಟ್ಟಿರಲಿಲ್ಲ. ಯಾರು ಈ ಪುಣ್ಯಾತ್ಗಿತ್ತಿ ಎಂದುಕೊಂಡೆ. ಆಮೇಲೆ ನೋಟ್‌ಬುಕ್ಕು ಕಣ್ಣಿಗೆ ಬಿತ್ತು. ಹಾಲು ಕಾಯಿಸಿದೆ, ವೆಬ್‌ಸೈಟು ನೋಡಿದೆ. ಅದು ನಾನೇ. ದೇವರ ಮುಂದೆ ದೀಪ ಹಚ್ಚಿದ ಹಾಗೆ ದಿನಾ ಅಕ್ಕನ ಸೀರೆಯ ಪುಟ ತೆರೆದು, ಕಣ್ತುಂಬ ನೋಡಿ, ಏನೂ ಒತ್ತದೆ ಮುಚ್ಚುತ್ತಿದ್ದೆ. ನೋಡಿಯೂ ಬೇಡವೆಂದು ಹೋದವರ ಪಟ್ಟಿಯಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ಅವಳ ಒಡಹುಟ್ಟಿದವಳು.

ನನ್ನನ್ನು ಕಳೆದರೆ ಉಳಿದವರು ತೀರಾ ಕಡಿಮೆ. ಆ ಪುಟಕ್ಕೆ ಬರುವವರೇ ಇಲ್ಲವೆನಿಸಿತು. ಆ ಗಳಿಗೆಯಲ್ಲಿಯೇ ಅಕ್ಕನಿಗೆ ಫೋನು ಹಚ್ಚಿ, ಇದು ಉಳಿಯುವ ಹಾಗೆ ಕಾಣುವುದಿಲ್ಲ, ಆಸೆ ಇಟ್ಟುಕೊಳ್ಳಬೇಡ ಎಂದುಬಿಟ್ಟೆ. ಅವಳು "ಹೂಂ" ಎಂದಳು. ಆ ದಿನ ರಾತ್ರಿ ಊಟಕ್ಕೆ ರೊಟ್ಟಿ, ಪುಂಡಿಪಲ್ಯೆ ಎಂದು ಬರೆದಿದೆ. ನಾನು ಉಂಡೆನೆಂದು ಬರೆದಿಲ್ಲ.

ಶುಕ್ರವಾರ ಯಜಮಾನರು ಶಾಲೆಗೆ ಹೋದ ಮೇಲೆ ಮತ್ತೆ ಕೂತೆ. ಅವರು ಶಾಲೆಯಲ್ಲಿ ಗುಮಾಸ್ತರು. ಹೋಗುವಾಗ, ಕೂತು ಅತ್ತರೆ ಲೆಕ್ಕ ಬದಲಾಗುವುದಿಲ್ಲ, ಒಂದೊಂದಾಗಿ ಒತ್ತಿ ನೋಡು ಎಂದು ಹೇಳಿ ಹೋದರು. ಅದೊಂದು ಮಾತು ಹಿಡಿದುಕೊಂಡೆ. ನಾದಿನಿಗೆ ಗದ್ವಾಲಕ್ಕೆ ಫೋನು ಮಾಡಿ, ನಾನು ಹೇಳಿದಾಗ ಪುಟ ತೆಗೆಯಬೇಕು, ನಾನು ಹೇಳಿದಾಗ ಗುಂಡಿ ಒತ್ತಬೇಕು ಎಂದೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದುಕೊಂಡೆ: ಸಮಯ, ಒತ್ತಿದವರು, ಯಾವ ಪುಟ, ಕಂಡದ್ದೇನು.

ಈಗ ಈ ಕ್ಷಣದಲ್ಲಿ ಯಾರು ನೋಡುತ್ತಿದ್ದಾರೆ ಎಂದು ತೋರಿಸುವ ಒಂದು ಜಾಗ ಅದರಲ್ಲಿದೆ. ನಾನು ಮೊದಲೇ ತೆರೆದಿಟ್ಟಿದ್ದೆ, ನಾದಿನಿಯೂ ಪುಟ ತೆಗೆದ ಕೂಡಲೇ ಅಲ್ಲಿ ಇಬ್ಬರು ಎಂದು ಬಂತು. ಊರು ಮಾತ್ರ ಇಬ್ಬರದೂ ಹೈದರಾಬಾದು. ಫೋನಿನ ಕಂಪನಿಯ ತಂತಿ ಎಲ್ಲಿಂದ ಹೊರಡುತ್ತದೋ ಆ ಊರನ್ನೇ ಅದು ಬರೆದುಕೊಳ್ಳುತ್ತದೆಯಂತೆ. ನಾದಿನಿಗೆ ಹೇಳಿದೆ.

"ಬಸ್ಸಿಲ್ದ ಹೈದರಾಬಾದಿಗೆ ಬಂದ್ನೇನು ನಾನು? ಹಂಗಾರ ಸಂಜೀಮಟ ಇಲ್ಲೇ ಇರತೀನ್ರಿ ವೈನಿ, ನಿಮ್ಮ ತಮ್ಮಗ ರೊಟ್ಟಿ ನೀವಾ ಬಡದ ಕಳಸ್ರಿ," ಎಂದಳು. ನಿಮ್ಮ ತಮ್ಮ ಎಂದರೆ ಅವಳ ಗಂಡ. ನನಗೆ ನಗು ಬರಲಿಲ್ಲ. ಅವಳಿಗದು ತಿಳಿಯಿತು, ಆಮೇಲೆ ಸುಮ್ಮನೆ ಹೇಳಿದಷ್ಟು ಮಾಡಿದಳು.

ತೆಲುಗು ಪುಟದ 'ಅಡಗಂಡಿ' ಒತ್ತಿಸಿದೆ. ವಿಚಾರಿಸಿದವರ ಲೆಕ್ಕದಲ್ಲಿ ಒಂದು ಏರಿತು. ಕನ್ನಡ ಪುಟದ 'ಕೇಳ್ರಿ' ಒತ್ತಿಸಿದೆ. ಏರಲಿಲ್ಲ. ಐದು ನಿಮಿಷ ಬಿಟ್ಟು ಮತ್ತೆ ಒತ್ತಿಸಿದೆ. ಏರಲಿಲ್ಲ. ನನ್ನ ಫೋನಿನಿಂದ ಒತ್ತಿದೆ. ಗುಂಡಿಯೇ ಕೆಟ್ಟಿದೆಯೇನೋ ಎಂದುಕೊಂಡರೆ ಫೋನು ಹೋಗುತ್ತಿತ್ತು, ಸಂಘದ ದಫ್ತರದಲ್ಲಿ ಎತ್ತುತ್ತಲೂ ಇದ್ದರು.

"ಅಕ್ಕಾರ, ಮತ್ತ ನೀವಾ? ನೀವೊಮ್ಮೆ, ಗದ್ವಾಲದಾಕಿ ಒಮ್ಮೆ. ಏನರ ಬೇಕಿದ್ರ ಒಂದಾ ಸಲ ಹೇಳಿಬಿಡ್ರಿ, ನನಗ ಚಾ ಕುಡ್ಯಾಕ ಫುರ್ಸತ್ ಇಲ್ದಂಗಾಗೈತಿ," ಎಂದರು ಫೋನು ಎತ್ತುವವರು.

ಅಂದರೆ ಒತ್ತಿದ್ದು ಒತ್ತಿದಂತೆ ಆಗುತ್ತಿದೆ, ಲೆಕ್ಕಕ್ಕೆ ಮಾತ್ರ ಬೀಳುತ್ತಿಲ್ಲ. ಹೈದರಾಬಾದಿನ ಹೆಣ್ಣುಮಗಳಿಗೆ ಫೋನು ಮಾಡಿದೆ. ಅವಳು ಮದುವೆಯೊಂದಕ್ಕೆ ಕಾರಿನಲ್ಲಿ ಹೊರಟಿದ್ದಳು. ನೀವು ಹೇಳಿದಂತೆಯೇ ಹಾಕಿದ್ದೇನೆ, ಒತ್ತಿದ್ದೆಲ್ಲ ಎಲ್ಲಾದರೂ ಬಿದ್ದೇ ಬೀಳುತ್ತದೆ, ಸೋಮವಾರ ನೋಡುತ್ತೇನೆ ಎಂದು ತೆಲುಗಿನಲ್ಲಿ ಹೇಳಿದಳು. ಶನಿವಾರ ಹನ್ನೊಂದಕ್ಕೆ ಕಮಿಟಿ. ಅದನ್ನು ಹೇಳುವಷ್ಟರಲ್ಲಿ ಲೈನು ಕಟ್ಟಾಯಿತು.

ಎಲ್ಲಾದರೂ ಬಿದ್ದೇ ಬೀಳುತ್ತದೆ. ಎಲ್ಲಿ? ತಿಂಗಳ ಶೀಟಿನಲ್ಲಿ ನಾಲ್ಕೇ ಸಾಲು ಇರುತ್ತಿದ್ದವು. ಅದರ ಹಿಂದಿನ ಪೂರ್ತಿ ಪಟ್ಟಿಯನ್ನು ನಾನು ಯಾವತ್ತೂ ತೆರೆದಿರಲಿಲ್ಲ. ತೆರೆದೆ. ಪುಟ ತೆರೆದದ್ದು, ಕೆಳಗೆ ಜಾರಿಸಿದ್ದು, ಚಿತ್ರ ದೊಡ್ಡದು ಮಾಡಿದ್ದು, ಹೀಗೆ ಒಂದೊಂದಕ್ಕೂ ಒಂದು ಹೆಸರು. ಬೆರಳು ಇಟ್ಟು ಓದುತ್ತಾ ಇಳಿದೆ. ಎಲ್ಲಕ್ಕಿಂತ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ 'ವಿನಂಡಿ' ಎಂದಿತ್ತು. ತೆಲುಗಿನಲ್ಲಿ ವಿನಂಡಿ ಎಂದರೆ ಕಿವಿಗೊಟ್ಟು ಕೇಳಿರಿ ಎಂದು. ನೇಕಾರರ ಮಾತು ರೆಕಾರ್ಡು ಮಾಡಿ ವೆಬ್‌ಸೈಟಿನಲ್ಲಿ ಹಾಕಬೇಕೆಂದು ಮೊದಲು ಮಾತಾಗಿತ್ತು, ಅದಕ್ಕೆಂದು ಈ ಖಾನೆ ಮಾಡಿಟ್ಟಿದ್ದಳು. ರೆಕಾರ್ಡು ಮಾಡಲೇ ಇಲ್ಲ. ಕೇಳಿಸಿಕೊಳ್ಳಲು ವೆಬ್‌ಸೈಟಿನಲ್ಲಿ ಒಂದು ಸದ್ದೂ ಇರಲಿಲ್ಲ. ಆದರೂ ಆ ಹೆಸರಿನ ಮುಂದೆ ಸೊನ್ನೆ ಇರಲಿಲ್ಲ. ಪ್ರತಿ ತಿಂಗಳೂ ಜನ ಏನನ್ನೋ ಕೇಳಿಸಿಕೊಂಡಿದ್ದರು.

ನಾದಿನಿಗೆ ಇನ್ನೊಮ್ಮೆ 'ಕೇಳ್ರಿ' ಒತ್ತು ಎಂದೆ. ಒತ್ತಿದಳು. ವಿನಂಡಿಯ ಮುಂದಿನ ಅಂಕಿ ಒಂದು ಏರಿತು.

ಗೋಡೆಗೆ ಒರಗಿ ಕೂತೆ. ಆಮೇಲೆ ಎದ್ದು ಹಳೆಯ ನೋಟ್‌ಬುಕ್ಕುಗಳನ್ನು ತೆಗೆದೆ, ಕನ್ನಡ ಪುಟ ಮಾಡಿದ ವಾರದ್ದು ಹುಡುಕಿದೆ. ಸಿಕ್ಕಿತು. 'ಒಗ್ಗರಣೆ ಹಾಕುವಾಗ ಹೈದರಾಬಾದಿನಿಂದ ಫೋನು. ಗುಂಡಿಯ ಮೇಲಿನ ಮಾತಿಗೆ ತೆಲುಗಿನಲ್ಲಿ ಏನು ಎಂದರು. ಹೇಳಿದೆ.' ಏನು ಹೇಳಿದೆ ಎಂದು ಬರೆದಿರಲಿಲ್ಲ, ಆದರೆ ಓದುತ್ತಿದ್ದಂತೆ ಸಾಸಿವೆ ಸಿಡಿಯುವ ಸದ್ದು ನೆನಪಾಯಿತು. ಯಜಮಾನರು ಹೊರಗೆ ಗಾಡಿ ತೆಗೆಯುತ್ತಿದ್ದರು. ಕೇಳ್ರಿ, ಡಬ್ಬಿ ಬಿಟ್ಟು ಹೊಂಟೀರಿ ಎಂದು ಕೂಗಿದ್ದೆ. ಅದೇ ಉಸಿರಿನಲ್ಲಿ ಫೋನಿಗೆ ಬಾಯಿಟ್ಟು ವಿನಂಡಿ ಎಂದಿದ್ದೆ. ಕನ್ನಡದಲ್ಲಿ ವಿಚಾರಿಸುವುದಕ್ಕೂ ಕಿವಿಗೊಡುವುದಕ್ಕೂ ಒಂದೇ ಮಾತು. ತೆಲುಗಿನಲ್ಲಿ ಎರಡು. ಎರಡೂ ಭಾಷೆ ಚೆನ್ನಾಗಿ ಬರುತ್ತದೆ ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು. ಇಪ್ಪತ್ತಾರು ವರ್ಷ ಗಂಡನನ್ನು ಕರೆದ ಮಾತು ನಾಲಿಗೆಗೆ ಮೊದಲು ಸಿಕ್ಕಿತು. ಪಾಪ, ಆ ಹೆಣ್ಣುಮಗಳು ನಾನು ಹೇಳಿದ ಖಾನೆಗೆ ಗುಂಡಿಯ ಲೆಕ್ಕವನ್ನು ಜೋಡಿಸಿದ್ದಳು. ಅಕ್ಕನ ಸೀರೆ ಬೇಕೆಂದು ಫೋನು ಮಾಡಿದವರೆಲ್ಲ ಸುಮ್ಮನೆ ಏನೋ ಕೇಳಿಸಿಕೊಂಡು ಹೋದವರಾಗಿದ್ದರು.

ಅಕ್ಕನಿಗೆ ಆಗಲೇ ಫೋನು ಮಾಡಬೇಕಿತ್ತು. ಮಾಡಲಿಲ್ಲ. ಒಂದು ಸಲ ಸೊನ್ನೆ ಎಂದು ಹೇಳಿ, ಇನ್ನೊಂದು ಸಲ ಆಸೆ ಬೇಡವೆಂದು ಹೇಳಿ, ಮೂರನೆಯ ಸಲ ಮತ್ತೆ ತಪ್ಪಾದರೆ ಎಂಬ ಭಯ. ಮ್ಯಾನೇಜರ ಬಾಯಿಂದ ಖಾತ್ರಿಯಾದ ಮೇಲೆಯೇ ಹೇಳುತ್ತೇನೆ ಎಂದುಕೊಂಡೆ.

ಶನಿವಾರದ ಪುಟದಲ್ಲಿ ಬೆಳಗಿನ ಕೆಲಸ ಎರಡೇ: ಹಾಲು ಕಾಯಿಸಿದೆ, ಬಸ್ಸು ಹತ್ತಿದೆ. ವೆಬ್‌ಸೈಟು ನೋಡಲಿಲ್ಲ. ಲ್ಯಾಪ್‌ಟಾಪನ್ನು ಸೀರೆಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಹತ್ತೂಕಾಲಿಗೆ ಸಂಘದ ಮೆಟ್ಟಿಲು ಹತ್ತಿದೆ.

ಮ್ಯಾನೇಜರು ಮೊದಲು ನಂಬಲಿಲ್ಲ. "ಕಾಗದ ನಾ ಹುಟ್ಟಿಸಿಲ್ರಿ ಅಕ್ಕಾರ, ಮಿಷನ್ ಕೊಟ್ಟೈತಿ," ಎಂದರು. ನಾನು ಮಾತು ಬೆಳೆಸಲಿಲ್ಲ. ಲ್ಯಾಪ್‌ಟಾಪು ತೆರೆದು ಅವರ ಮುಂದಿಟ್ಟೆ. ನಿಮ್ಮ ಫೋನಿನಿಂದಲೇ ಕನ್ನಡ ಪುಟ ತೆಗೆಯಿರಿ, ಒತ್ತಿರಿ ಎಂದೆ. ಅವರು ಒತ್ತಿದರು. ಪಕ್ಕದ ಮೇಜಿನ ಮೇಲೆ ದಫ್ತರದ ಫೋನು ರಿಂಗಾಯಿತು. ಫೋನು ಎತ್ತುವವರು ಎತ್ತಿ ಹಲೋ ಎಂದರು, ಎದುರಿಗೇ ಕೂತಿದ್ದ ಮ್ಯಾನೇಜರನ್ನು ನೋಡಿ ಹಾಗೇ ಇಟ್ಟರು. ಪರದೆಯ ಮೇಲೆ ವಿನಂಡಿ ಒಂದು ಏರಿತು. ಇನ್ನೊಮ್ಮೆ ಎಂದೆ. ಇನ್ನೊಮ್ಮೆ ಏರಿತು. ಮ್ಯಾನೇಜರು ಕನ್ನಡಕ ತೆಗೆದು ಒರೆಸಿಕೊಂಡು, ಆ ಖಾನೆಯ ತಿಂಗಳ ಅಂಕಿಗಳನ್ನೆಲ್ಲ ತಾವೇ ಬೆರಳಿಟ್ಟು ಓದಿದರು. ಫೋನು ಎತ್ತುವವರನ್ನು ತಿರುಗಿ ನೋಡಿದರು. ಅವರು, ನಾನು ಮೊದಲಿನಿಂದ ಹೇಳುತ್ತಲೇ ಇದ್ದೆ, ಆ ಕಡೆಯವರು ಚೌಕಳಿ ಕೇಳುತ್ತಾರೆ ಎಂದು, ಎಂದಷ್ಟೇ ಹೇಳಿದರು. ತಪ್ಪು ಹೈದರಾಬಾದಿನವರದಲ್ಲ, ನನ್ನದು ಎಂದು ನಾನು ಹೇಳಿದೆ. ಮ್ಯಾನೇಜರು ಅಂಕಿಗಳನ್ನು ಒಂದು ಕಾಗದಕ್ಕೆ ಇಳಿಸಿಕೊಂಡರು.

ಕಮಿಟಿ ಒಳಗೆ ಕೂತಿತು. ನಾನು ವರಾಂಡದ ಬೆಂಚಿನ ಮೇಲೆ ಕೂತೆ. ಒಂದೂವರೆಗೆ ಮ್ಯಾನೇಜರು ಹೊರಗೆ ಬಂದು, ಪಟ್ಟಿಯಿಂದ ಹೆಸರು ತೆಗೆದಿದ್ದೇವೆ, ಹದಿನೈದು ದಿನದಲ್ಲಿ ಒಂದು ಹಾಸು ಕಳಿಸುತ್ತೇವೆ, ಮುಂದಿನದನ್ನು ಸರಿಯಾದ ಶೀಟು ನೋಡಿ ಗೊತ್ತುಮಾಡುತ್ತೇವೆ ಎಂದರು. ಒಂದು ಹಾಸು, ಎಂಟು ಸೀರೆ. ಕೈ ಮುಗಿದು ಓಡುನಡಿಗೆಯಲ್ಲಿ ಅಕ್ಕನ ಓಣಿಗೆ ಹೋದೆ. ಹಾದಿಯಲ್ಲಿ ಫೋನು ಮಾಡಿದರೆ ಎತ್ತಲಿಲ್ಲ.

ಬಾಗಿಲ ಪಕ್ಕ ಮಣ್ಣಿನ ಗುಪ್ಪೆ ಇರಲಿಲ್ಲ.

ಮಗ್ಗದ ಮರಗಳನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದಳು. ಗುಂಡಿಯ ಜಾಗ ನೆಲಕ್ಕೆ ಸಮನಾಗಿತ್ತು. ಬೆಳಿಗ್ಗೆ ಇಬ್ಬರು ಆಳು ಬಂದು ಮುಚ್ಚಿ ಹೋಗಿದ್ದರು. ಅಕ್ಕ ಸೆರಗು ಸಿಕ್ಕಿಸಿಕೊಂಡು, ಮೇಲೆ ನೀರು ಚಿಮುಕಿಸಿ, ಅಂಗೈಯಿಂದ ತಟ್ಟುತ್ತಾ ಕೂತಿದ್ದಳು. ಮೊಣಕೈವರೆಗೂ ಮಣ್ಣು.

ನಿಂತಲ್ಲೇ ಎಲ್ಲ ಹೇಳಿದೆ. ಗುಂಡಿ, ವಿನಂಡಿ, ಒಗ್ಗರಣೆ, ಕಮಿಟಿ, ಹಾಸು. ನಡುವೆ ಒಂದು ಸಲ ಅವಳ ಕೈ ನಿಂತಿತು, ಮತ್ತೆ ತಟ್ಟತೊಡಗಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು:

"ಕೇಳಾಕತ್ತಾರಂತ ನಾ ಅವಾಗಾ ಹೇಳಿದ್ದೆ. ನೀ ಕೇಳಲಿಲ್ಲ."

ಅವಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತೆ. ಆ ಗುಂಡಿಯ ಅಳತೆ ತಿಳಿದಿದ್ದ ಭಾವ ಇಲ್ಲ. ಅವಳ ಕಾಲು ಎಲ್ಲಿಗೆ ಮುಟ್ಟಬೇಕು, ಅಂಚು ಎಷ್ಟು ಇಳಿಜಾರು ಇರಬೇಕು, ಯಾವುದೂ ಎಲ್ಲಿಯೂ ಬರೆದಿಟ್ಟಿಲ್ಲ. ನಾನು ಇಷ್ಟು ವರ್ಷ ಏನೇನೋ ಬರೆದೆ, ಅದನ್ನು ಬರೆದಿರಲಿಲ್ಲ.

ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಾಗ ಅಕ್ಕ ಎದ್ದು ಕೈ ತೊಳೆದುಕೊಂಡಳು.

"ಹಾಸು ಎಂದ ಬರತೈತಿ ಅಂದಿ?"

"ಹದಿನೈದು ದಿನದಾಗ."

"ನೀರು ಹೊಡೀಬಾರದಿತ್ತು," ಎಂದಳು. ಮತ್ತೆ ಕಾಲಿನ ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡಿ, "ಇರಲಿ. ಹಸಿ ಮಣ್ಣು ತೋಡಾಕ ಸಸಾರ. ನಾಳಿ ನೀ ಇದ್ದು ಹೋಗು. ನಾ ಕೂತು ಕಾಲ ಬಿಡತೀನಿ, ನೀ ಅಳತಿ ಬರಕೋ."

ಯಜಮಾನರಿಗೆ ಫೋನು ಮಾಡಿ ನಾಳೆ ಬರುತ್ತೇನೆಂದು ಹೇಳಿದೆ. ಕೇಳ್ರಿ ಎಂದು ಶುರು ಮಾಡಲು ಹೋಗಿ ತಡೆದುಕೊಂಡೆ, ಬೇರೆ ಏನೂ ಹೊಳೆಯದೆ ಕಡೆಗೆ ಅದನ್ನೇ ಅಂದೆ.

ಊಟಕ್ಕೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ, ಮಜ್ಜಿಗೆ. ಅಕ್ಕ ಒಂದೂವರೆ ರೊಟ್ಟಿ ತಿಂದಳು, ನಾನು ಒಂದು. ನಾನು ತಾಟು ತೊಳೆದು ಬರುವುದರೊಳಗೆ, ಹಸಿ ಮಣ್ಣಿನ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಅಕ್ಕ ಮೊದಲು ಮಲಗಿದಳು.